ಜೇಡಕ್ಕೆ ಹೆದರುವ ಗೆಳತಿಗೆ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ‘ಇಷ್ಟು ಸಣ್ಣ ವಿಷಯಕ್ಕೆ ಬರೆದಳಲ್ಲ ಎಂದು ನಗಬೇಡಿ’ ಅಂತ ಮೊದಲ ಸಾಲಿನಲ್ಲೇ ಕೇಳಿಕೊಂಡಿದ್ದೀರಿ. ನಗಲಿಲ್ಲ. ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನಿಂದ ಸಾಗರದ ಕಡೆಯ ಹೆಂಚಿನ ಮನೆಗೆ ಸೊಸೆಯಾಗಿ ಹೋದವರು ನೀವು. ಕತ್ತಲಾದ ಮೇಲೆ ಬಚ್ಚಲುಮನೆಗೆ ಹೋಗಬೇಕಾದೀತೆಂದು ಮಧ್ಯಾಹ್ನವೇ ಸ್ನಾನ ಮುಗಿಸುತ್ತೀರಿ. ಸಂಜೆಯಿಂದಾಚೆ ನೀರು ಕುಡಿಯುವುದನ್ನೇ ಬಿಟ್ಟಿದ್ದೀರಿ. ಒಂದು ಹುಳಕ್ಕಾಗಿ ಇಡೀ ದಿನದ ವ್ಯವಸ್ಥೆಯನ್ನೇ ಬದಲಿಸಿಕೊಂಡವರಿಗೆ ಅದು ಸಣ್ಣ ವಿಷಯ ಹೇಗಾದೀತು? ಹಾವು ಕಂಡರೆ ಕೋಲು ಹುಡುಕುವ ಧೈರ್ಯಸ್ಥರೇ ಜೇಡ ಕಂಡರೆ ಮಂಚ ಹತ್ತುವುದನ್ನು ನಾನು ನೋಡಿದ್ದೇನೆ. ಭಯಕ್ಕೂ ಧೈರ್ಯಕ್ಕೂ ನಾವು ತಿಳಿದಷ್ಟು ಹಗೆತನ ಇಲ್ಲ.

ಮೊದಲು ನಿಮ್ಮ ಮೈದುನನ ಸಂಗತಿ ಮುಗಿಸಿಬಿಡುತ್ತೇನೆ. ‘ಅತ್ತಿಗೆಯ ಭಯ ಬಿಡಿಸುತ್ತೇನೆ’ ಎಂದು ಪೊರಕೆಕಡ್ಡಿಯ ತುದಿಗೆ ಜೇಡ ಹತ್ತಿಸಿಕೊಂಡು ನಿಮ್ಮ ಮುಖದ ಹತ್ತಿರ ಹಿಡಿದನಂತಲ್ಲ, ಇದು ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವ ಚಿಕಿತ್ಸೆ. ಈಜು ಬಾರದವರನ್ನು ಕೆರೆಗೆ ನೂಕಿದ ಹಾಗೆ. ಯಾರೋ ಒಬ್ಬರು ಈಜಿ ದಡ ಸೇರಿದ್ದನ್ನು ಎಲ್ಲರೂ ಹೇಳುತ್ತಾರೆ, ಮತ್ತೆ ಜೀವಮಾನವಿಡೀ ಕೆರೆಯ ಕಡೆ ಸುಳಿಯದವರ ಸುದ್ದಿ ಯಾರೂ ಹೇಳುವುದಿಲ್ಲ. ಭಯ ಕಳೆಯುವ ಕೆಲಸದಲ್ಲಿ ಎಷ್ಟು ಹತ್ತಿರ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎನ್ನುವುದು ಹೆದರಿದವರ ಕೈಯಲ್ಲೇ ಇರಬೇಕು. ಅವನದು ಕೆಟ್ಟ ಮನಸ್ಸಲ್ಲ, ಕೆಟ್ಟ ವಿಧಾನ.

‘ನನಗೇ ಯಾಕೆ ಹೀಗೆ?’ ಎಂದು ಕೇಳಿದ್ದೀರಿ. ನಿಮಗೊಬ್ಬರಿಗೇ ಅಲ್ಲ. ಜರ್ಮನಿಯ ಲೈಪ್‌ಜಿಗ್ ಮತ್ತು ಸ್ವೀಡನ್ನಿನ ಉಪ್ಸಲದ ಸಂಶೋಧಕರು ಆರು ತಿಂಗಳ ಕೂಸುಗಳನ್ನು ತಾಯಿ ತಂದೆಯರ ತೊಡೆಯ ಮೇಲೆ ಕೂರಿಸಿ ಚಿತ್ರ ತೋರಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೂವಿನ ಚಿತ್ರ ಬಂದಾಗ ಇದ್ದುದಕ್ಕಿಂತ ಜೇಡದ ಚಿತ್ರ ಬಂದಾಗ ಕೂಸುಗಳ ಕಣ್ಣಪಾಪೆ ಹೆಚ್ಚು ಹಿಗ್ಗಿತು. ಮೀನಿನ ಚಿತ್ರಕ್ಕೆ ಹೋಲಿಸಿದರೆ ಹಾವಿನ ಚಿತ್ರಕ್ಕೂ ಹಾಗೇ ಆಯಿತು. ಆ ಕೂಸುಗಳಿಗೆ ಜೇಡ ಕಚ್ಚಿರಲಿಲ್ಲ, ಅತ್ತೆ ಹೆದರಿಸಿರಲಿಲ್ಲ. ಕಣ್ಣು ಹಿಗ್ಗುವುದು ಭಯವಲ್ಲ, ‘ಏನಿದು?’ ಎಂಬ ಎಚ್ಚರ, ಅಷ್ಟೆ. ಹುಟ್ಟಿನಿಂದ ಬಂದ ಆ ಎಚ್ಚರದ ಮೇಲೆ ಅಮ್ಮನ ಕಿರುಚಾಟ, ಅಕ್ಕಂದಿರ ಓಟ, ಸಿನಿಮಾ, ವಾಟ್ಸಾಪಿನ ಸುಳ್ಳು ಸುದ್ದಿ ಎಲ್ಲ ಸೇರಿ ಭಯ ಬೆಳೆಯುತ್ತದೆ. ಮೊದಲನೆಯದನ್ನು ಯಾರೂ ಕಿತ್ತುಹಾಕಲಾರರು. ಮೇಲೆ ಸೇರಿಕೊಂಡದ್ದು ಕರಗುತ್ತದೆ.

ಇನ್ನು ನಿಮ್ಮ ಬಚ್ಚಲುಮನೆಯಲ್ಲಿರುವುದು ಯಾರು ಎಂದು ನೋಡೋಣ. ‘ಅಂಗೈ ಅಗಲ, ಕಂದು ಬಣ್ಣ, ಗೋಡೆಗೆ ಅಂಟಿಕೊಂಡ ಹಾಗೆ ಚಪ್ಪಟೆ, ಬಲೆ ಇಲ್ಲ, ಓಡಿದರೆ ಕಣ್ಣಿಗೆ ಕಾಣುವುದಿಲ್ಲ’ ಎಂದು ಬರೆದಿದ್ದೀರಿ. ಹೆದರಿಕೊಂಡೇ ಇಷ್ಟು ಚೆನ್ನಾಗಿ ನೋಡಿದ್ದೀರಿ, ಗಮನಿಸಿದಿರಾ? ಅದು ಹಂಟ್ಸ್‌ಮನ್ ಜೇಡ. ಹೆಟೆರೊಪೋಡ ವೆನಟೋರಿಯ ಎಂಬುದು ಶಾಸ್ತ್ರದ ಹೆಸರು. 1767ರಲ್ಲೇ ಲಿನೇಯಸ್ ಅದನ್ನು ದಾಖಲಿಸಿದ್ದಾನೆ. ಮೂಲದಲ್ಲಿ ನಮ್ಮ ಏಷ್ಯಾ ಕಡೆಯದು. ಹಡಗಿನ ಸರಕಿನಲ್ಲಿ, ಬಾಳೆಗೊನೆಗಳ ಸಂದಿನಲ್ಲಿ ಕೂತು ಪ್ರಪಂಚದ ಬೆಚ್ಚನೆಯ ಊರುಗಳನ್ನೆಲ್ಲ ಸೇರಿಕೊಂಡಿದೆ. ಮೈ ಒಂದು ಅಂಗುಲ, ಕಾಲು ಚಾಚಿದರೆ ಮೂರು ನಾಲ್ಕು ಅಂಗುಲ. ಹಗಲು ಹೆಂಚಿನ ಸಂದಿನಲ್ಲೋ ಸೌದೆ ರಾಶಿಯ ಹಿಂದೆಯೋ ಅಡಗಿರುತ್ತದೆ. ರಾತ್ರಿ ಜಿರಲೆ ಹುಡುಕಿಕೊಂಡು ಹೊರಡುತ್ತದೆ. ಬಲೆ ನೇಯ್ದು ಕಾಯುವ ಪೈಕಿ ಅಲ್ಲ, ಬೆನ್ನಟ್ಟಿ ಹಿಡಿಯುವ ಪೈಕಿ. ಆ ವೇಗ ಜಿರಲೆಯ ಸಲುವಾಗಿ ಬಂದದ್ದು, ನಿಮ್ಮ ಸಲುವಾಗಿ ಅಲ್ಲ. ನಿಮ್ಮ ಬಚ್ಚಲಲ್ಲಿ ಅದು ಬೀಡುಬಿಟ್ಟಿದೆ ಎಂದರೆ ಅಲ್ಲಿ ಜಿರಲೆ ಧಾರಾಳವಾಗಿದೆ ಎಂದೇ ಅರ್ಥ. (ಈ ಮಾತನ್ನು ಅತ್ತೆಯವರ ಎದುರು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.)

ಕೆಲವೊಮ್ಮೆ ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯೊಂದನ್ನು ಹಿಡಿದುಕೊಂಡು ಗೋಡೆಯ ಮೇಲೆ ಅಲುಗದೆ ಕೂತಿರುತ್ತದೆ ಎಂದಿದ್ದೀರಿ. ಅದು ಹೆಣ್ಣು. ಆ ಬಿಲ್ಲೆ ಮೊಟ್ಟೆಯ ಚೀಲ. ಮರಿಯಾಗುವ ತನಕ ವಾರಗಟ್ಟಲೆ ಹೊತ್ತು ತಿರುಗುತ್ತದೆ. ಆ ಹೊತ್ತಿನಲ್ಲಿ ಅದನ್ನು ಕೆಣಕದಿರುವುದು ಮೇಲು, ಬಾಣಂತಿಯ ಸಿಟ್ಟು ಎಲ್ಲ ಜೀವಿಗೂ ಇದ್ದದ್ದೇ. ಕೈಯಲ್ಲಿ ಹಿಡಿದು ಅದುಮಿದರೆ ಅದು ಕಚ್ಚೀತು, ಕಚ್ಚಿದ ಜಾಗ ಉರಿದು ಊದಿಕೊಂಡೀತು, ಆಮೇಲೆ ತಾನಾಗಿ ಇಳಿದೀತು. ಬಿಟ್ಟರೆ ಓಡುವುದೊಂದೇ ಅದಕ್ಕೆ ಗೊತ್ತಿರುವ ದಾರಿ. ನಿಮ್ಮ ಕಡೆಗೇ ಓಡಿಬಂದಂತೆ ಕಂಡದ್ದು ನಿಜವಿರಬಹುದು. ಅದು ಸಂದು ಹುಡುಕುತ್ತಿತ್ತು, ಸಂದು ನಿಮ್ಮ ಕಾಲಿನ ಹಿಂದಿತ್ತು.

ಉಳಿದವರಿಬ್ಬರ ಪರಿಚಯ ಬೇಗ ಮುಗಿಸುತ್ತೇನೆ. ಬಾಗಿಲ ಹಿಂದೆ, ಅಟ್ಟದ ಮೂಲೆಯಲ್ಲಿ ಕೂದಲೆಳೆಯಂಥ ಉದ್ದ ಕಾಲು ಇಟ್ಟುಕೊಂಡು ತಲೆಕೆಳಗಾಗಿ ಜೋತುಬಿದ್ದಿರುವುದು, ಮುಟ್ಟಿದರೆ ಗಡಗಡ ನಡುಗಿ ಕಣ್ಣಿಗೆ ಮಸುಕಾಗುವುದು, ಬಲು ಬಡಪಾಯಿ. ನಮಗೆ ಏನೂ ಮಾಡದು, ಬೇರೆ ಜೇಡಗಳನ್ನೂ ಹಿಡಿದು ತಿನ್ನುತ್ತದೆ. ಕಿಟಕಿಯ ಬಳಿ ಕುಪ್ಪಳಿಸುತ್ತ ನೊಣ ಹಿಡಿಯುವ ಕಡಲೆಕಾಳಿನಷ್ಟು ದಪ್ಪದ್ದು ಹಾರುವ ಜೇಡ. ಅದರ ಎಂಟು ಕಣ್ಣಲ್ಲಿ ಮುಂದಿನ ಎರಡು ಭಾರಿ ದೊಡ್ಡವು. ಬೆರಳು ತೋರಿಸಿದರೆ ತಿರುಗಿ ನಿಮ್ಮನ್ನೇ ದಿಟ್ಟಿಸುತ್ತದೆ. ಈ ಪುಟ್ಟ ಜೀವ ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ, ನೆನಪಿಡಿ.

ಒಂದೇ ಒಂದು ಎಚ್ಚರಿಕೆ ಇದೆ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ದಪ್ಪ ಕಾಲಿನ, ಮೈತುಂಬ ರೋಮದ ದೊಡ್ಡ ಜೇಡಗಳಿವೆ. ಇಂಗ್ಲಿಷಿನವರು ಅವುಗಳಲ್ಲೊಂದಕ್ಕೆ ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. ಮನೆಯೊಳಗೆ ಬರುವುದು ಅಪರೂಪ. ಬಂದರೆ ಮುಟ್ಟಬೇಡಿ. ಕಚ್ಚಿದರೆ ಜೀವಕ್ಕೆ ಅಪಾಯ ಇಲ್ಲದಿದ್ದರೂ ಸ್ನಾಯು ಹಿಡಿದುಕೊಂಡು ದಿನಗಟ್ಟಲೆ ನೋವು ಕೊಡುತ್ತದೆ. ಅಂಥದ್ದನ್ನು ಹೊರಗೆ ದಾಟಿಸುವ ಕೆಲಸವನ್ನು ಉದ್ದ ಕೋಲು ಹಿಡಿದವರಿಗೆ ಬಿಡಿ. ಮೈದುನ ತನ್ನ ಶೌರ್ಯ ತೋರಿಸಲು ಅದು ಸರಿಯಾದ ಜಾಗ.

‘ಜೇಡ ಉಚ್ಚೆ ಹೊಯ್ದರೆ ಮೈಯೆಲ್ಲ ಗುಳ್ಳೆ ಏಳುತ್ತದೆ’ ಎಂದು ಅತ್ತೆ ಹೇಳಿದ್ದು ನಿಮ್ಮನ್ನು ಇನ್ನಷ್ಟು ಹೆದರಿಸಿದೆ. ಈ ಮಾತು ಕರ್ನಾಟಕದಲ್ಲಿ ಕೇಳದ ಮನೆಯಿಲ್ಲ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಗುಳ್ಳೆ ಏಳುವುದು ನಿಜ, ಜೇಡದ ಮೇಲಿನ ಆರೋಪ ಸುಳ್ಳು. ಮಳೆ ಬಿದ್ದ ಮೇಲೆ ದೀಪದ ಸುತ್ತ ಒಂದು ಸಣ್ಣ ಹುಳ ಬರುತ್ತದೆ. ಅರ್ಧ ಅಂಗುಲವೂ ಇಲ್ಲ, ನೋಡಲು ಇರುವೆಯ ಹಾಗೆ, ಮೈಮೇಲೆ ಕಿತ್ತಳೆ ಕಪ್ಪು ಪಟ್ಟೆ, ನಡುವೆ ನೀಲಿ ಹೊಳಪಿನ ಮೋಟು ರೆಕ್ಕೆ. ಪೆಡೆರಸ್ ಎಂಬ ಜಾತಿಯ ಜೀರುಂಡೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕತ್ತಿನ ಮೇಲೆ ಹರಿದಾಡಿತೆಂದು ನಾವು ನಿದ್ದೆಗಣ್ಣಲ್ಲಿ ತಟ್ಟಿ ಉಜ್ಜುತ್ತೇವೆ ನೋಡಿ, ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಒಂದು ದಿನ ಕಳೆದ ಮೇಲೆ ಉಜ್ಜಿದ ದಾರಿಯುದ್ದಕ್ಕೂ ಕೆಂಪು ಗೆರೆ, ಉರಿ, ಗುಳ್ಳೆ. ಹುಳ ಯಾವತ್ತೋ ಹೋಗಿರುತ್ತದೆ, ಕಣ್ಣೆದುರು ಗೋಡೆಯ ಮೇಲೆ ಜೇಡ ಕೂತಿರುತ್ತದೆ, ತೀರ್ಪು ಕೊಟ್ಟಾಯಿತು. ಆ ಹುಳ ಮೈಮೇಲೆ ಕಂಡರೆ ಊದಿ ಹಾರಿಸಿ, ತಾಗಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಬೆನ್ನಿನ ಅಥವಾ ಸೊಂಟದ ಒಂದೇ ಪಕ್ಕದಲ್ಲಿ ನೋವಿನ ಜೊತೆ ಗುಳ್ಳೆಗಳ ಗೊಂಚಲು ಎದ್ದರೆ ಅದು ಸರ್ಪಸುತ್ತು ಇರಬಹುದು, ವೈರಸ್ಸಿನಿಂದ ಬರುವುದು. ಅದಕ್ಕೂ ಜೇಡವನ್ನೇ ದೂರುವವರಿದ್ದಾರೆ. ಕೆಮ್ಮಣ್ಣು ಹಚ್ಚಿ ಕೂರದೆ ಮೂರು ದಿನದ ಒಳಗೆ ಡಾಕ್ಟರ ಬಳಿ ಹೋದರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟನ್ನು ಅತ್ತೆಯವರಿಗೆ ಓದಿ ಹೇಳಿ, ಜಗಳದ ದನಿಯಲ್ಲಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಭಯ ಹೋಯಿತೇ? ಹೋಗಿರುವುದಿಲ್ಲ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಶಿವನನ್ನು ಪೂಜಿಸಿದ ಜೇಡಕ್ಕೆ ಮೋಕ್ಷವೇ ಸಿಕ್ಕಿತು. ಆ ಕಥೆ ಕೇಳಿ ಕೈಮುಗಿದವರು ಮನೆಗೆ ಬಂದು ಜೇಡ ಕಂಡೊಡನೆ ಚಪ್ಪಲಿ ಹುಡುಕುತ್ತಾರೆ. ಭಯ ಇರುವುದು ಮೈಯಲ್ಲಿ. ಅದು ವಾದಕ್ಕೆ ಸೋಲುವುದಿಲ್ಲ, ಅಭ್ಯಾಸಕ್ಕೆ ಸೋಲುತ್ತದೆ.

ನೀವು ಜೇಡ ಕಂಡು ಓಡಿದಾಗ ಏನಾಗುತ್ತದೆ ನೋಡಿ. ಹೊರಗೆ ಬಂದ ಕೂಡಲೇ ಎದೆ ಹಗುರವಾಗುತ್ತದೆ. ‘ಓಡಿದ್ದಕ್ಕೇ ಬದುಕಿದೆ’ ಎಂದು ಮೈ ಪಾಠ ಕಲಿಯುತ್ತದೆ. ಓಡದೆ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಪ್ರತಿ ಓಟಕ್ಕೂ ಭಯ ಬಲಿಯುತ್ತದೆ, ಜೇಡ ದೊಡ್ಡದಾಗುತ್ತದೆ. ದೊಡ್ಡದಾಗುತ್ತದೆ ಎಂದದ್ದು ಬರಿಯ ಮಾತಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೇಡಕ್ಕೆ ಹೆದರುವವರಿಗೆ ಜೀವಂತ ಜೇಡ ತೋರಿಸಿ, ಅದರ ಉದ್ದವನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿ ಎಂದರು. ಭಯ ಹೆಚ್ಚಿದ್ದಷ್ಟೂ ಗೆರೆ ಉದ್ದವಾಗಿತ್ತು. ನಿಮ್ಮ ‘ಅಂಗೈ ಅಗಲ’ದಲ್ಲೂ ಸ್ವಲ್ಪ ಕಡಿತ ಮಾಡಿಕೊಳ್ಳಬಹುದೇನೋ.

ಇದಕ್ಕೆ ಮನಶ್ಶಾಸ್ತ್ರ ಕಂಡುಕೊಂಡ ದಾರಿ ಹೊಸದೇನಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲ ಕಂಡರೆ ಚೀರುತ್ತಿದ್ದ ಮೂರು ವರ್ಷ ತುಂಬದ ಪೀಟರ್ ಎಂಬ ಹುಡುಗನ ವಿಷಯ ಬರೆದಳು. ಹುಡುಗ ತನಗಿಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ಅವನು ತಡೆದುಕೊಂಡಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಅವನೇ ಮೊಲವನ್ನು ಮುದ್ದಿಸಿದ. 1950ರ ದಶಕದಲ್ಲಿ ಜೋಸೆಫ್ ವೋಲ್ಪ್ ಇದೇ ಬಗೆಯ ಮೆಟ್ಟಿಲು ಮೆಟ್ಟಿಲಿನ ಕ್ರಮವನ್ನು ದೊಡ್ಡವರ ಚಿಕಿತ್ಸೆಯಾಗಿ ರೂಪಿಸಿದ. ಸ್ವೀಡನ್ನಿನ ಲಾರ್ಸ್ ಗೊರಾನ್ ಓಸ್ಟ್ 1989ರಲ್ಲಿ ಇನ್ನೂ ಮುಂದೆ ಹೋಗಿ, ಚಿಕಿತ್ಸಕರು ಜೊತೆಗಿದ್ದರೆ ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್ಕಿನಲ್ಲಿ ಇಂಥ ಭಯ ಎಷ್ಟೋ ಇಳಿಯುತ್ತದೆ ಎಂದು ತೋರಿಸಿದ. ನಿಮಗೆ ಅವಸರವಿಲ್ಲ, ಮಳೆಗಾಲ ಉದ್ದ ಇದೆ.

ಶುರು ಮಾಡುವುದು ಕಾಗದದಿಂದ. ಮಧ್ಯಾಹ್ನ ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂತು ಒಂದು ಜೇಡದ ಚಿತ್ರ ಬರೆಯಿರಿ, ಕೆಟ್ಟದಾಗಿ ಬಂದರೆ ಇನ್ನೂ ಒಳ್ಳೆಯದು. ಅದು ಬೇಸರವಾದ ಮೇಲೆ ಫೋನಿನಲ್ಲಿ ನಿಜವಾದ ಜೇಡದ ಫೋಟೋ, ಆಮೇಲೆ ಓಡುವ ವಿಡಿಯೋ. ಎದೆ ಹೊಡೆದುಕೊಂಡಾಗ ಮುಚ್ಚಿಡಬೇಡಿ, ಭಯ ಅರ್ಧಕ್ಕೆ ಇಳಿಯುವ ತನಕ ನೋಡುತ್ತಿರಿ. ಈ ಕಾಯುವಿಕೆಯೇ ಇಡೀ ಚಿಕಿತ್ಸೆ. ಇಳಿಯುವ ಮೊದಲೇ ಎದ್ದರೆ ಮತ್ತೆ ಓಡಿದಂತೆಯೇ ಆಯಿತು. ಆಮೇಲೆ ಕಿಟಕಿಯ ಆ ಹಾರುವ ಜೇಡ. ಗಾಜಿನ ಆಚೆ ಅದು, ಈಚೆ ನೀವು. ಅದು ನಿಮ್ಮತ್ತ ತಿರುಗಿ ನೋಡುವ ರೀತಿ ಕಂಡು ನಗು ಬಂದವರು ಬಹಳ ಜನ. ನಗು ಬಂದ ಕಡೆ ಭಯಕ್ಕೆ ಜಾಗ ಸಾಲುವುದಿಲ್ಲ.

ಹಂಟ್ಸ್‌ಮನ್ ಹತ್ತಿರ ಹೋಗುವ ಮೊದಲು ನಡುವೆ ಒಂದು ಮೆಟ್ಟಿಲಿದೆ, ಅದನ್ನು ನಿಮ್ಮ ಮನೆಯೇ ಒದಗಿಸುತ್ತದೆ. ಜೇಡ ಬೆಳೆಯುವಾಗ ಪೊರೆ ಕಳಚುತ್ತದೆ. ಎಂಟೂ ಕಾಲಿರುವ ಒಣ ಪೊರೆ ಸೌದೆಯ ಹಿಂದೆ, ಹೆಂಚಿನ ಕೆಳಗೆ ಸಿಕ್ಕೀತು. ಯಾರಿಗಾದರೂ ತಂದುಕೊಡಲು ಹೇಳಿ, ಮುಂಚೆ ತಿಳಿಸಿ ತರಲಿ, ಬೆನ್ನ ಹಿಂದಿನಿಂದ ಅಲ್ಲ. ಮೇಜಿನ ಮೇಲಿಟ್ಟು ನೋಡಿ, ಕಡ್ಡಿಯಿಂದ ಮುಟ್ಟಿ, ಸಾಧ್ಯವಾದ ದಿನ ಬೆರಳಿನಿಂದ. ತೂಕವೇ ಇಲ್ಲದ ಆ ಸಿಪ್ಪೆ ಕೈಯಲ್ಲಿ ಪುಡಿಯಾದಾಗ ಏನನಿಸಿತು ಎಂದು ನನಗೆ ಬರೆಯಿರಿ. ಸತ್ತ ಜೇಡ ಸಿಕ್ಕರೆ ಅದೂ ಆಗುತ್ತದೆ. ಅದು ಕಾಲು ಮಡಚಿಕೊಂಡೇ ಇರುತ್ತದೆ, ಏಕೆಂದರೆ ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಜೀವ ಹೋದರೆ ಒತ್ತಡ ಹೋಯಿತು, ಕಾಲು ಮುದುಡಿತು.

ಕೊನೆಗೆ ಬಚ್ಚಲು. ಮೊದಲು ಬಾಗಿಲ ಹೊರಗೆ ನಿಂತು ಟಾರ್ಚ್ ಹಾಕಿ ಅದು ಎಲ್ಲಿದೆ ನೋಡಿ. ಎಲ್ಲಿದೆಯೆಂದು ತಿಳಿದ ಜೇಡಕ್ಕಿಂತ ಎಲ್ಲಿದೆಯೋ ತಿಳಿಯದ ಜೇಡ ಹೆಚ್ಚು ಕಾಡುತ್ತದೆ. ಆಮೇಲೆ ಬಾಯಿಬಿಟ್ಟು ಹೇಳಿ, ‘ಆ ಅಸಹ್ಯದ ಜೇಡ ನನ್ನ ಮೇಲೆ ಹಾರುತ್ತದೆ ಅಂತ ನನಗೆ ಭಯವಾಗುತ್ತಿದೆ’ ಎಂದು, ಇದ್ದದ್ದನ್ನು ಇದ್ದ ಹಾಗೆ. ‘ಏನೂ ಇಲ್ಲ, ಏನೂ ಇಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕ್ಯಾಂಪಸ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೊಡ್ಡ ಜೇಡದ ಎದುರು ತಮ್ಮ ಭಯವನ್ನೇ ಹೆಸರಿಟ್ಟು ಹೇಳಿದವರ ಅಂಗೈ ಬೆವರುವುದು ವಾರದ ನಂತರ ಕಡಿಮೆಯಾಗಿತ್ತು. ‘ಇದು ಪಾಪದ ಪ್ರಾಣಿ’ ಎಂದು ತಮ್ಮನ್ನೇ ಒಪ್ಪಿಸಿಕೊಳ್ಳಲು ಹೊರಟವರಿಗೆ ಅಷ್ಟು ಗುಣ ಕಾಣಲಿಲ್ಲ. ಅತ್ತೆಯವರಿಗೆ ನಿಮ್ಮ ಮಾತು ಕೇಳಿಸಿದರೆ ಕೇಳಿಸಲಿ.

ಧೈರ್ಯ ಕುದುರಿದ ಮೇಲೆ ಲೋಟದ ವಿದ್ಯೆ. ಅಗಲ ಬಾಯಿಯ ಪಾರದರ್ಶಕ ಡಬ್ಬ ಒಂದು, ಗಟ್ಟಿ ಕಾಗದ ಒಂದು. ಹಳೆಯ ಮದುವೆ ಕರೆಯೋಲೆಯಷ್ಟು ಒಳ್ಳೆಯ ಕಾಗದ ಈ ಕೆಲಸಕ್ಕೆ ಬೇರೆ ಇಲ್ಲ, ನಮ್ಮ ಮನೆಗಳಲ್ಲಿ ಅದಕ್ಕೆ ಬರವೂ ಇಲ್ಲ. ಗೋಡೆಯ ಮೇಲಿನ ಜೇಡದ ಮೇಲೆ ಡಬ್ಬ ನಿಧಾನ ಕವುಚಿ, ಕಾಗದ ಸಂದಿನಲ್ಲಿ ತೂರಿಸಿ, ಎತ್ತಿ ತೋಟದ ಅಂಚಿಗೆ ಬಿಟ್ಟು ಬನ್ನಿ. ನಾಳೆ ಇನ್ನೊಂದು ಬಂದೀತು. ಬರಲಿ. ಒಮ್ಮೆ ಈ ಕೈ ಕುದುರಿದರೆ ಆಮೇಲೆ ಡಬ್ಬ ಎತ್ತದೆಯೂ ಸ್ನಾನ ಮಾಡಿಬರುತ್ತೀರಿ.

ಸ್ಪ್ರೇ ಹೊಡೆಯಬಹುದೇ ಎಂದು ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ಬೇಡ. ಸ್ಪ್ರೇ ತಗುಲಿದ ಜೇಡ ಕೂಡಲೇ ಸಾಯುವುದಿಲ್ಲ, ದಿಕ್ಕುಗೆಟ್ಟು ಓಡಿ ಮೇಲಿಂದ ಬೀಳುತ್ತದೆ. ನೀವು ಹೆದರುವುದೇ ಅದಕ್ಕೆ. ಜೊತೆಗೆ ಹಂಡೆಯ ಒಲೆ ಉರಿಯುವ ಬಚ್ಚಲಲ್ಲಿ ಸ್ಪ್ರೇ ಡಬ್ಬ ಹಿಡಿಯುವುದು ಜೇಡಕ್ಕಿಂತ ನೂರು ಪಾಲು ಅಪಾಯ. ಬದಲಿಗೆ ಸೌದೆ ರಾಶಿಯನ್ನು ಬಚ್ಚಲ ಹೊರಗಿನ ಮಾಡಿನ ಕೆಳಗೆ ಹಾಕಿಸಿ, ಅಂದಂದಿಗೆ ಬೇಕಾದಷ್ಟೇ ಒಳಗೆ ಬರಲಿ. ನೀರು ಹೋಗುವ ತೂಬಿಗೆ ಜಾಲರಿ ಬಿಗಿಸಿ, ಬಾಗಿಲ ಕೆಳಗಿನ ಸಂದು ಮುಚ್ಚಿಸಿ. ಬಾಗಿಲ ನೆತ್ತಿಯ ಮೇಲಿನ ಬಿಳಿ ಟ್ಯೂಬ್‌ಲೈಟ್ ತೆಗೆದು ಹಳದಿ ಬೆಳಕಿನ ಬಲ್ಬು ಹಾಕಿದರೆ ಹುಳ ಕಡಿಮೆ ಬರುತ್ತವೆ, ಹುಳ ತಿನ್ನುವವರೂ ಕಡಿಮೆಯಾಗುತ್ತಾರೆ. ಬಲೆ, ಇಲ್ಲಣ ಹೊಡೆಯುವ ಕೆಲಸ ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಎಂದು ಕಾಯದೆ ಆಗಾಗ ಆಗಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫೋಟೋ ನೋಡಿದರೂ ಉಸಿರು ಕಟ್ಟಿದಂತಾಗುವುದು, ನೀರು ಕುಡಿಯದೆ ಉರಿಮೂತ್ರ ಬರುವುದು, ತವರಿಗೆ ಹೋದವರಿಗೆ ವಾಪಸು ಬರಲು ಮನಸ್ಸಾಗದಿರುವುದು, ಹೀಗೆಲ್ಲ ಆಗುತ್ತಿದ್ದರೆ ಒಬ್ಬರೇ ಹೆಣಗಬೇಡಿ. ಚಿಕಿತ್ಸಕರು ಜೊತೆಗಿದ್ದು ಮಾಡಿಸಿದ ಅಭ್ಯಾಸದ ಫಲ, ಪುಸ್ತಕ ನೋಡಿ ಒಬ್ಬರೇ ಮಾಡಿದ್ದಕ್ಕಿಂತ ಬಹಳ ಹೆಚ್ಚು ಎಂಬುದೂ ಓಸ್ಟ್ ಮತ್ತವರ ಸಂಗಡಿಗರು ಪರೀಕ್ಷಿಸಿ ನೋಡಿದ ಸಂಗತಿಯೇ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ನಲ್ಲೂ ವಿಚಾರಿಸಬಹುದು. ‘ಜೇಡಕ್ಕೆ ಹೆದರಿ ಹುಚ್ಚಾಸ್ಪತ್ರೆಗೆ ಹೋದಳು’ ಎನ್ನುವವರು ಇದ್ದೇ ಇರುತ್ತಾರೆ. ಅವರ ಬಚ್ಚಲಲ್ಲಿ ನೀವು ಸ್ನಾನ ಮಾಡಬೇಕಿಲ್ಲ.

ನೀವು ಜೇಡವನ್ನು ಪ್ರೀತಿಸಬೇಕೆಂದು ನಾನು ಹೇಳುತ್ತಿಲ್ಲ. ಜೇಡಗಳು ಒಟ್ಟಾರೆ ವರ್ಷಕ್ಕೆ 40ರಿಂದ 80 ಕೋಟಿ ಟನ್ ಹುಳುಹುಪ್ಪಟೆ ತಿನ್ನುತ್ತವೆ ಎಂಬ ಅಂದಾಜನ್ನು ಮಾರ್ಟಿನ್ ನಿಫೆಲರ್ ಮತ್ತು ಕ್ಲೌಸ್ ಬಿರ್ಕೋಫರ್ 2017ರಲ್ಲಿ ಪ್ರಕಟಿಸಿದರು. ಲೋಕೋಪಕಾರಿ ಪ್ರಾಣಿ, ಒಪ್ಪಿಕೊಳ್ಳೋಣ. ಹಾಗೆಂದು ಅದನ್ನು ಅಂಗೈ ಮೇಲೆ ಆಡಿಸುವ ಹರಕೆ ನನಗೂ ಇಲ್ಲ, ನಿಮಗೂ ಬೇಡ. ರಾತ್ರಿ ಎಂಟಕ್ಕೆ ಬಿಸಿನೀರು ಹೊಯ್ದುಕೊಳ್ಳಬೇಕು, ಬಾಯಾರಿದಾಗ ನೀರು ಕುಡಿಯಬೇಕು. ಅಷ್ಟಾದರೆ ಸಾಕು.

ಪತ್ರ ಓದಿದ ಮೇಲೆ ಮಡಚಿ ಒಳಗಿಡಬೇಡಿ. ಮೈದುನನ ಕೈಗೆ ಕೊಡಿ, ಎರಡನೆಯ ಪ್ಯಾರಾವನ್ನು ಅವನೇ ಜೋರಾಗಿ ಓದಲಿ. ಜಾಲರಿ ಬಿಗಿಸುವ ಕೆಲಸವನ್ನೂ ಅವನಿಗೇ ಹಚ್ಚಿ.

ನಿಮ್ಮ ಉತ್ತರ ಕಾಯುವ,
ನಿಮ್ಮ ಗೆಳತಿ